ಐದು ತಂತಿ ಬೇಸ್‌ಗೆ ಬ್ರಿಡ್ಜ್ ಹುಡುಕಿದ ಕಥೆ

ನನ್ನ ಐದು ತಂತಿಯ ಬೇಸ್ ಗಿಟಾರ್ ಕೊನೆಗೂ ಕೈಗೆ ಬಂದಿದೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ವೀಣೆ ಪಿಟೀಲು ರಿಪೇರಿ ಮಾಡುವ ಒಬ್ಬ ಆಚಾರ್ರ ಹತ್ತಿರ ಹೇಳಿ ಮಾಡಿಸಿದ್ದು. ಮರ ಸಿಕ್ಕಿತು, ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾಡುವ ಪಿಕಪ್ ಸಿಕ್ಕಿತು, ಟ್ಯೂನಿಂಗ್ ಕೀ ಬೆಂಗಳೂರಿನಿಂದ ಬಂತು. ತಿಂಗಳುಗಟ್ಟಲೆ ಕಾಯಿಸಿದ್ದು ಬ್ರಿಡ್ಜ್ ಒಂದೇ. ಬ್ರಿಡ್ಜ್ ಅಂದರೆ ಗಿಟಾರಿನ ಮೇಲೆ ತಂತಿಗಳನ್ನು ಹೊತ್ತು ನಿಲ್ಲುವ ಲೋಹದ ಭಾಗ, ವೀಣೆಯವರ ಮಾತಿನಲ್ಲಿ ಕುದುರೆ. ಮೈಸೂರು, ಮಂಡ್ಯ ಕಡೆ ಆರ್ಕೆಸ್ಟ್ರಾದಲ್ಲಿ, ಚರ್ಚಿನಲ್ಲಿ, ಕಾಲೇಜು ಬ್ಯಾಂಡಿನಲ್ಲಿ ಬೇಸ್ ನುಡಿಸುವವರು ಬಹಳ ಜನ ಇದ್ದೀರಿ. ನಿಮ್ಮಲ್ಲಿ ಯಾರಾದರೂ ಬೇಸ್ ಮಾಡಿಸೋಣ ಅಂತ ಹೊರಟಿದ್ದರೆ, ಮುಂಗಡ ಕೊಡುವ ಮುಂಚೆ ಇದನ್ನು ಓದಿ.

ನನ್ನ ಹತ್ತಿರ ಇದ್ದದ್ದು ನಾಲ್ಕು ತಂತಿಯ ಹಳೇ ಬೇಸ್. ಅದರ ಕೆಳಗಿನ ಇ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ನಿಲ್ಲುತ್ತದೆ. ಈಗಿನ ಸಿನಿಮಾ ಹಾಡುಗಳಲ್ಲಿ ಬೇಸ್ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಕಾರ್ಯಕ್ರಮದಲ್ಲಿ ಆ ಜಾಗ ಬಂದಾಗ ಕೀಬೋರ್ಡ್‌ನವರು ಎಡಗೈಯಲ್ಲಿ ತುಂಬಿಕೊಡುತ್ತಿದ್ದರು. ಕೆಳಗೊಂದು ಬಿ ತಂತಿ ಇದ್ದರೆ 31 ಹರ್ಟ್ಸ್‌ವರೆಗೆ ಹೋಗಬಹುದು. ಅಂಗಡಿಯಲ್ಲಿ ನೋಡಿದ ಐದು ತಂತಿಯ ಬೇಸ್‌ಗಳು ಒಂದೋ ಬೆಲೆ ಜಾಸ್ತಿ, ಇಲ್ಲವೋ ಭಾರ ಜಾಸ್ತಿ. ಗಣೇಶನ ಹಬ್ಬದ ಸಮಯದಲ್ಲಿ ರಾತ್ರಿ ಮೂರು ಗಂಟೆ ಹೊತ್ತು ನಿಂತು ನುಡಿಸಬೇಕು. ನನ್ನ ಎಡಭುಜ ಆಗಲೇ ನೋಯುತ್ತಿತ್ತು. ಹಾಗಾಗಿ ಮಾಡಿಸುವುದೇ ಸರಿ ಅನ್ನಿಸಿತು.

ಗಿಟಾರಿನ ಒಡಲಿಗೆ, ಅಂದರೆ ಬಾಡಿಗೆ, ಹಲಸಿನ ಮರ, ಮೇಲೆ ತೆಳುವಾದ ಬೀಟೆ ಹಲಗೆ. ಎಡಗೈ ಹಿಡಿಯುವ ಉದ್ದನೆಯ ನೆಕ್‌ಗೆ ಮೇಪಲ್, ಅದರ ಮೇಲೆ ಬೆರಳು ಒತ್ತುವ ಫಿಂಗರ್‌ಬೋರ್ಡ್‌ಗೆ ಮತ್ತೆ ಬೀಟೆ. ನೆಕ್ಕನ್ನು ಸ್ಕ್ರೂ ಹಾಕಿ ಬಾಡಿಯ ಮೇಲೆ ಕೂರಿಸುವ ಲೆಕ್ಕ. ಸ್ಕೇಲ್, ಅಂದರೆ ತಂತಿ ನುಡಿಯುವ ಉದ್ದ, 34 ಇಂಚು, ಅಂದರೆ 863.6 ಮಿಲಿಮೀಟರ್. ಬೋರ್ಡ್ ಮೇಲೆ ಅಡ್ಡಡ್ಡ ಕೂರುವ ಲೋಹದ ಪಟ್ಟಿಗಳು, ಅಂದರೆ ಫ್ರೆಟ್, 24. ಬೀಟೆ ಕೊಳ್ಳುವಾಗ ಬಿಲ್ ಕೇಳಿ ಇಟ್ಟುಕೊಳ್ಳಿ. ಬೀಟೆ ಸೇರಿದ ಡಾಲ್ಬರ್ಜಿಯಾ ಜಾತಿಯ ಮರಗಳೆಲ್ಲ 2017ರಿಂದ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ. 2019ರಲ್ಲಿ ಸಿದ್ಧ ಸಂಗೀತ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಆದರೂ ಬಿಲ್ ಕೈಯಲ್ಲಿದ್ದರೆ ಧೈರ್ಯ.

ಮುಂಗಡ ಕೊಡಲು ಹೋದ ದಿನವೇ ಆಚಾರ್ರು ಒಂದು ಮಾತು ಹೇಳಿದರು. "ಮೊದ್ಲು ಕುದುರೆ ತಂದು ಕೈಗೆ ಕೊಟ್ಬುಡಿ. ಅದನ್ನ ನೋಡ್ದೆ ನಾನು ಉಳಿ ಮುಟ್ಟಲ್ಲ."

"ಮರದ ಕೆಲಸ ಶುರು ಮಾಡಿರಿ ಆಚಾರ್ರೇ, ಅಷ್ಟರಲ್ಲಿ ನಾನು ತರಿಸ್ತೀನಿ" ಅಂದೆ.

ಅವರು ರಿಪೇರಿಗೆ ಬಂದಿದ್ದ ವೀಣೆಯೊಂದನ್ನು ತೊಡೆ ಮೇಲೆ ಇಟ್ಟುಕೊಂಡು ಅದರ ಕುದುರೆ ತೋರಿಸಿದರು. ಮರದ ಕುದುರೆ, ಅದರ ಮೇಲೆ ಸ್ವಲ್ಪ ಉಬ್ಬಿದ ಹಿತ್ತಾಳೆ ತಗಡು. "ಇದನ್ನ ಅರದಲ್ಲಿ ಉಜ್ಜಿ ನಾನು ವೀಣೆಗೆ ತಕ್ಕಂಗೆ ಮಾಡ್ಕೋತೀನಿ. ನಿಮ್ದು ಕಾರ್ಖಾನೇಲಿ ಆಗಿ ಬರೋ ಕಬ್ಬಿಣ. ಅದು ಬಗ್ಗಲ್ಲ. ಮರಾನೇ ಅದಕ್ಕೆ ತಕ್ಕಂಗೆ ಆಗ್ಬೇಕು." ಈ ಮಾತಿನ ಬೆಲೆ ಮುಂದೆ ಪ್ರತಿ ಹಂತದಲ್ಲೂ ಗೊತ್ತಾಯಿತು. ನೆಕ್ ಎಷ್ಟು ಅಗಲ ಇರಬೇಕು, ಬಾಡಿಯಿಂದ ಎಷ್ಟು ಮೇಲೆ ಕೂರಬೇಕು, ಪಿಕಪ್ ಎಲ್ಲಿ ಬರಬೇಕು, ಒಟ್ಟು ತೂಕ ಎಷ್ಟಾಗುತ್ತದೆ, ಎಲ್ಲವೂ ಬ್ರಿಡ್ಜ್‌ನ ಅಳತೆಯಿಂದಲೇ ಹೊರಡುತ್ತದೆ.

ಮೊದಲು ತೀರ್ಮಾನ ಆಗಬೇಕಾದ್ದು ತಂತಿಯಿಂದ ತಂತಿಗೆ ಎಷ್ಟು ಅಂತರ ಅನ್ನುವುದು. ನಾಲ್ಕು ತಂತಿಯ ಬೇಸ್‌ನಲ್ಲಿ ಬ್ರಿಡ್ಜ್ ಹತ್ತಿರ ಸಾಮಾನ್ಯವಾಗಿ 19 ಮಿ.ಮೀ. ಇರುತ್ತದೆ. ಐದು ತಂತಿಗೆ ಬಂದರೆ 19, 18, 17, 16.5 ಹೀಗೆ ಬೇರೆ ಬೇರೆ ಸಿಗುತ್ತವೆ. ಒಂದೆರಡು ಮಿಲಿಮೀಟರ್ ತಾನೇ ಅಂತ ಸುಮ್ನೆ ಬಿಡಬೇಡಿ. ಐದು ತಂತಿ ಅಂದರೆ ನಾಲ್ಕು ಸಂದು. 19ರ ಬ್ರಿಡ್ಜ್ ಆದರೆ ಒಟ್ಟು 76 ಮಿ.ಮೀ., 18 ಆದರೆ 72, 16.5 ಆದರೆ 66. ಇದು ನೆಕ್‌ನ ಅಗಲವನ್ನು ನೇರವಾಗಿ ಬದಲಿಸುತ್ತದೆ. ನೆಕ್‌ನ ತುದಿಯಲ್ಲಿ ತಂತಿಗಳು ಹಾಯುವ ನಟ್ ಹತ್ತಿರ ಹೊರಗಿನ ಎರಡು ತಂತಿಗಳ ನಡುವೆ 39 ಮಿ.ಮೀ. ಇಟ್ಟುಕೊಂಡಿದ್ದೆವು. 24ನೇ ಫ್ರೆಟ್ ಸ್ಕೇಲ್‌ನ ಮುಕ್ಕಾಲು ಭಾಗದಲ್ಲಿ ಬರುತ್ತದೆ. ಅಲ್ಲಿಗೆ ತಂತಿಗಳು ಎಷ್ಟು ಅಗಲಿಸಿರುತ್ತವೆ ಅಂತ ಲೆಕ್ಕ ಹಾಕಿ, ಎರಡು ಕಡೆ ಮೂರೂವರೆ ಮಿಲಿಮೀಟರ್ ಅಂಚು ಸೇರಿಸಿದರೆ, 19ಕ್ಕೆ ನೆಕ್ ಸುಮಾರು 74 ಮಿ.ಮೀ. ಆಗುತ್ತದೆ. 18ಕ್ಕೆ 71. 16.5ಕ್ಕೆ 66. ಇಷ್ಟು ವ್ಯತ್ಯಾಸ ಎಡಗೈಗೆ ಕೂಡಲೇ ಗೊತ್ತಾಗುತ್ತದೆ.

ಹೆಬ್ಬೆರಳಲ್ಲಿ ಹೊಡೆದು ಸ್ಲ್ಯಾಪ್ ಮಾಡುವವರಿಗೆ ಅಗಲ ಬೇಕು. ನಾನು ಹೆಚ್ಚಾಗಿ ಎರಡು ಬೆರಳಲ್ಲಿ ಮೀಟುವವನು. ರಟ್ಟಿನ ಮೇಲೆ ಮೂರೂ ಅಳತೆಗೆ ಗೆರೆ ಎಳೆದು ಬೆರಳಾಡಿಸಿ ನೋಡಿದೆ. ರಟ್ಟಿನ ಮೇಲೆ ಎಲ್ಲವೂ ಸರಿ ಅನ್ನಿಸುತ್ತದೆ, ಅದನ್ನು ನಂಬಬೇಡಿ. ಗೆಳೆಯರ ಬೇಸ್‌ಗಳನ್ನು ಕೇಳಿ ಪಡೆದು, ಒಂದೊಂದರಲ್ಲೂ ಪೂರ್ತಿ ಹಾಡು ನುಡಿಸಿದ ಮೇಲೆ ವರ್ನಿಯರ್ ಹಿಡಿದು ಅಳೆದೆ. 16.5ರಲ್ಲಿ ಬೆರಳು ಪಕ್ಕದ ತಂತಿಗೆ ತಾಗುತ್ತಿತ್ತು. 19ರಲ್ಲಿ ಬಿ ತಂತಿಯಿಂದ ಜಿ ತಂತಿಗೆ ಹಾರುವಾಗ ಮಣಿಕಟ್ಟು ಎಳೆಯುತ್ತಿತ್ತು. 18ಕ್ಕೆ ನಿಂತೆ. ಅಳೆಯುವಾಗ ತಂತಿಯ ನಡುವಿನಿಂದ ನಡುವಿಗೆ ಅಳೆಯಿರಿ. ಬ್ರಿಡ್ಜ್ ಮಾಡುವವರು ಹೇಳುವುದೂ ಅದೇ ಅಳತೆ. ಅಂಚಿನಿಂದ ಅಂಚಿಗೆ ಅಳೆದರೆ ದಪ್ಪ ತಂತಿಗಳ ಕಡೆ ತಪ್ಪು ಲೆಕ್ಕ ಬರುತ್ತದೆ.

ಆಮೇಲೆ ಯಾವ ಬಗೆಯ ಬ್ರಿಡ್ಜ್ ಅನ್ನುವ ಪ್ರಶ್ನೆ. ಇಲ್ಲಿ ಮಾತು ಬಹಳ, ಕೇಳುವ ವ್ಯತ್ಯಾಸ ಕಡಿಮೆ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ ಅದರ ಬ್ರಿಡ್ಜ್ ಒಂದು ಬಗ್ಗಿಸಿದ ಲೋಹದ ತಗಡು. ನಾಲ್ಕು ತಂತಿಗೆ ಎರಡೇ ಸ್ಯಾಡಲ್. ಎರಡೆರಡು ತಂತಿ ಒಂದೊಂದರ ಮೇಲೆ ಕೂರುತ್ತಿದ್ದವು. ಹಾಗಾಗಿ ಮೇಲಿನ ಫ್ರೆಟ್‌ಗಳಲ್ಲೂ ಶ್ರುತಿ ಸರಿಬರುವ ಹಾಗೆ ಪ್ರತಿ ತಂತಿಯ ಉದ್ದವನ್ನು ಬೇರೆಬೇರೆಯಾಗಿ ಹೊಂದಿಸಲು ಆಗುತ್ತಿರಲಿಲ್ಲ. 1957ರಲ್ಲಿ ತಂತಿಗೊಂದು ಸ್ಯಾಡಲ್ ಬಂತು. ಆ ತಗಡಿನ ಬ್ರಿಡ್ಜ್ ಇವತ್ತಿಗೂ ಎಷ್ಟೋ ಬೇಸ್‌ಗಳ ಮೇಲಿದೆ. 1970ರ ದಶಕದಲ್ಲಿ ಬ್ಯಾಡ್ಯಾಸ್ ಹೆಸರಿನ ದಪ್ಪ, ಭಾರದ ಬ್ರಿಡ್ಜ್ ಹೆಸರು ಮಾಡಿತು. ಅಲ್ಲಿಂದ ಮುಂದೆ ಭಾರ ಜಾಸ್ತಿ ಇದ್ದಷ್ಟೂ ನಾದ ಉದ್ದ ನಿಲ್ಲುತ್ತದೆ ಅನ್ನುವ ನಂಬಿಕೆ ಬೆಳೆಯಿತು. ಈಗ ಜಪಾನಿನ ಗೊಟೊ, ಅಮೆರಿಕದ ಹಿಪ್‌ಶಾಟ್, ಜರ್ಮನಿಯ ಶಾಲರ್ ಹೀಗೆ ಹಲವರು ಮಾಡುತ್ತಾರೆ. ಶಾಲರ್‌ನದರಲ್ಲಿ ಉರುಳುವ ಸ್ಯಾಡಲ್ ಇರುವ ಒಂದು ಬಗೆ ಇದೆ. ಅದರಲ್ಲಿ ತಂತಿಯ ಅಂತರವನ್ನೂ ಸ್ವಲ್ಪ ಅತ್ತಿತ್ತ ಮಾಡಬಹುದು. ಅಂತರದ ಬಗ್ಗೆ ತೀರ್ಮಾನಕ್ಕೆ ಬರಲು ಆಗದಿದ್ದರೆ ಅದು ಒಳ್ಳೆಯ ದಾರಿ. ಪ್ರತಿ ತಂತಿಗೂ ಬಿಡಿಬಿಡಿಯಾಗಿ ಕೂರಿಸುವ ತುಂಡು ಬ್ರಿಡ್ಜ್‌ಗಳೂ ಇವೆ. ನೋಡಲು ಬಹಳ ಚೆನ್ನ. ಆದರೆ ಐದನ್ನೂ ಒಂದೇ ನೇರಕ್ಕೆ ಕೂರಿಸುವುದು ಆಚಾರ್ರಿಗೆ ಇಷ್ಟ ಆಗಲಿಲ್ಲ. ನನಗೂ ಧೈರ್ಯ ಬರಲಿಲ್ಲ.

ಭಾರದ ಬ್ರಿಡ್ಜ್ ನಿಜಕ್ಕೂ ಏನು ಮಾಡುತ್ತದೆ ಅಂತ ಕೇಳಿಯೇ ನೋಡೋಣ ಅನ್ನಿಸಿತು. ಬೆಂಗಳೂರಿನ ಗೆಳೆಯನೊಬ್ಬನ ಹತ್ತಿರ ದಪ್ಪ ಹಿತ್ತಾಳೆ ಬ್ರಿಡ್ಜ್ ಇತ್ತು. ನನ್ನ ಹಳೇ ಬೇಸ್‌ನ ಅದೇ ಐದು ಸ್ಕ್ರೂ ತೂತಿಗೆ ಸರಿಯಾಗಿ ಕೂತಿತು. ಅದೇ ತಂತಿ, ಅದೇ ಎತ್ತರ, ಅದೇ ಸಾಲು. ಮೊದಲು ತಗಡಿನದರಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಇದರಲ್ಲಿ ಮಾಡಿದೆ. ಮೀಟಿದ ಕ್ಷಣದ ಅಂಚು ಸ್ವಲ್ಪ ಚೊಕ್ಕಟ ಆಯಿತು. ನಾದ ತುಸು ಉದ್ದ ಆದಂತೆ ಕೇಳಿಸಿತು. ಅಷ್ಟೇ. ಹೊಸ ತಂತಿ ಹಾಕಿದಾಗ ಆಗುವ ಬದಲಾವಣೆ ಇದಕ್ಕಿಂತ ಎಷ್ಟೋ ದೊಡ್ಡದು. ಜಿ ತಂತಿಯ 5ರಿಂದ 7ನೇ ಫ್ರೆಟ್ ಹತ್ತಿರ ಸ್ವರ ಬೇಗ ಸಾಯುವ ಒಂದು ಜಾಗ ನನ್ನ ಹಳೇ ಬೇಸ್‌ನಲ್ಲಿ ಇದೆ. ಈ ಬಗೆಯ ಬೇಸ್‌ಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ತೊಂದರೆ. ಬ್ರಿಡ್ಜ್ ಬದಲಿಸಿದರೂ ಅದು ಅಲ್ಲೇ ಇತ್ತು. ಅದಕ್ಕೆ ಕಾರಣ ನೆಕ್‌ನ ಕಂಪನ. ಬ್ರಿಡ್ಜ್‌ಗೆ ದುಡ್ಡು ಸುರಿದು ಅದನ್ನು ಸರಿಮಾಡಲು ಹೋಗಬೇಡಿ.

ನಾದದ ವಿಷಯ ಇಷ್ಟೇ ಆದಮೇಲೆ ತೂಕದ ವಿಷಯ ನನಗೆ ದೊಡ್ಡದಾಯಿತು. ಆ ಹಿತ್ತಾಳೆ ಬ್ರಿಡ್ಜ್ ಮನೆ ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಕಾಲು ಕಿಲೋ ದಾಟಿತ್ತು. ಐದು ತಂತಿಯದು ಅರ್ಧ ಕಿಲೋ ಮುಟ್ಟಿದರೂ ಆಶ್ಚರ್ಯ ಇಲ್ಲ. ಅಲ್ಯೂಮಿನಿಯಂ ಹಿತ್ತಾಳೆಯ ಮೂರನೇ ಒಂದರಷ್ಟು ಭಾರ. ಬ್ರಿಡ್ಜ್ ಹಗುರ ಆದರೆ ಬೇಸ್ ಟ್ಯೂನಿಂಗ್ ಕೀ ಇರುವ ಹೆಡ್ ಕಡೆ ವಾಲುತ್ತದೆ ಅಂತ ಕೆಲವರು ಹೆದರಿಸಿದರು. ಅದನ್ನೂ ನೋಡಿದೆ. ಹಳೇ ಬೇಸ್‌ನ ಬ್ರಿಡ್ಜ್ ಮೇಲೆ 200 ಗ್ರಾಂ ತೂಕದ ಕಲ್ಲನ್ನು ಟೇಪ್ ಸುತ್ತಿ ಅಂಟಿಸಿ, ಬೆಲ್ಟ್ ಹಾಕಿಕೊಂಡು ಕೈಬಿಟ್ಟು ನಿಂತೆ. ತೆಗೆದು ಮತ್ತೆ ನಿಂತೆ. ವಾಲುವುದರಲ್ಲಿ ವ್ಯತ್ಯಾಸ ಸ್ವಲ್ಪ ಇತ್ತು, ಭುಜಕ್ಕೆ ಮಾತ್ರ ಆ ಭಾರ ಚೆನ್ನಾಗಿಯೇ ಗೊತ್ತಾಯಿತು. ಬೆಲ್ಟ್ ಗುಂಡಿ ಇರುವ ಮೇಲಿನ ಕೊಂಬು 12ನೇ ಫ್ರೆಟ್‌ವರೆಗೆ ಚಾಚಿಕೊಂಡಿದ್ದರೆ ಬೇಸ್ ತಾನಾಗಿ ಸಮ ನಿಲ್ಲುತ್ತದೆ. ಕೊಂಬನ್ನು ಹಾಗೇ ಮಾಡಿ ಅಂತ ಆಚಾರ್ರಿಗೆ ಹೇಳಿದೆ. ಟ್ಯೂನಿಂಗ್ ಕೀ ಹಗುರದ್ದು ತರಿಸಿದೆ. ಬ್ರಿಡ್ಜ್‌ಗೆ ಅಲ್ಯೂಮಿನಿಯಂ ತಟ್ಟೆ, ಹಿತ್ತಾಳೆ ಸ್ಯಾಡಲ್, ಕಪ್ಪು ಬಣ್ಣ ಅಂತ ತೀರ್ಮಾನಿಸಿದೆ.

ಇನ್ನೊಂದು ಸಣ್ಣ ವಿಷಯ, ಆದರೆ ವೇದಿಕೆ ಮೇಲೆ ನುಡಿಸುವವರಿಗೆ ಸಣ್ಣದಲ್ಲ. ತಂತಿಯ ತುದಿಯಲ್ಲಿರುವ ಗುಂಡನ್ನು ಹಿಂದಿನ ತೂತಿನಿಂದ ಪೋಣಿಸಿ ಎಳೆಯುವ ಬ್ರಿಡ್ಜ್ ಒಂದು ಬಗೆ. ಮೇಲಿನಿಂದ ಸೀಳಿಗೆ ಇಳಿಸಿ ಕೂರಿಸುವುದು ಇನ್ನೊಂದು. ಎರಡು ಹಾಡಿನ ನಡುವೆ ತಂತಿ ಹಾಕಬೇಕಾಗಿ ಬಂದರೆ ಸೀಳಿನದೇ ವಾಸಿ. ಬಾಡಿಯ ಹಿಂದಿನಿಂದ ತಂತಿ ಪೋಣಿಸುವುದನ್ನು ನಾನು ಯೋಚಿಸಲೇ ಇಲ್ಲ. ಅದಕ್ಕೆ ಉದ್ದ ಜಾಸ್ತಿ ಇರುವ ತಂತಿ ಬೇಕು. ಐದು ತಂತಿಯ ಸೆಟ್ ಸಿಗುವುದೇ ಇಲ್ಲಿ ಕಷ್ಟ, ಇನ್ನು ಅದರಲ್ಲಿ ಉದ್ದದ್ದು ಎಲ್ಲಿಂದ ತರೋಣ?

ಈಗ ಕೊಳ್ಳುವ ಕಥೆ. ಮೈಸೂರಿನ ಅಂಗಡಿಗಳಲ್ಲಿ ನಾಲ್ಕು ತಂತಿಯ ತಗಡಿನ ಬ್ರಿಡ್ಜ್ ಸಿಕ್ಕಿತು. ಐದರದು ಇರಲಿಲ್ಲ. ಬೆಂಗಳೂರಿನಲ್ಲಿ ವಿಚಾರಿಸಿದರೆ ಐದರದು ಇತ್ತು, 18 ಇರಲಿಲ್ಲ. ನಮ್ಮ ದೇಶದ್ದೇ ಒಂದು ಆನ್‌ಲೈನ್ ಮಾರಾಟಗಾರರ ಹತ್ತಿರ 18 ಮಿ.ಮೀ. ಅಂತ ಬರೆದಿದ್ದರು. ತರಿಸಿದೆ. ಡಬ್ಬಿ ಮೇಲೂ 18 ಅಂತಲೇ ಇತ್ತು. ವರ್ನಿಯರ್ ಇಟ್ಟರೆ 16.5. ಆಚಾರ್ರು ಅದನ್ನು ಅಂಗೈಯಲ್ಲಿ ತೂಗಿ ನೋಡಿ, ಒಂದು ಸ್ಯಾಡಲ್ಲನ್ನು ಬೆರಳಲ್ಲಿ ಅಲ್ಲಾಡಿಸಿದರು. ಅದು ಕಟಕಟ ಅಂದಿತು. "ಇದು ಮರಕ್ಕೆ ಏನು ಹೇಳುತ್ತೆ?" ಅಂದು ವಾಪಸ್ ಕೊಟ್ಟರು. ಹಿಂತಿರುಗಿಸಲು ಫೋಟೋ ಕಳಿಸಿದೆ. ಅಳತೆಪಟ್ಟಿ ಕಾಣುವ ಫೋಟೋ ಬೇಕು ಅಂದರು. ಅದನ್ನೂ ಕಳಿಸಿದೆ. ದುಡ್ಡು ವಾಪಸ್ ಬಂತು, ಆದರೆ ಕಳಿಸಿದ ಖರ್ಚು ನನ್ನ ತಲೆಗೇ ಬಂತು. ಡಬ್ಬಿ ತೆರೆಯುವಾಗಲೇ ವಿಡಿಯೋ ಮಾಡಿಟ್ಟುಕೊಳ್ಳಿ. ವರ್ನಿಯರ್ ಹಿಡಿದಿರುವುದೂ ಅದರಲ್ಲಿ ಕಾಣಲಿ.

ಕೊನೆಗೆ ಹೊರದೇಶದಿಂದಲೇ ತರಿಸಿದೆ. ಕೊಳ್ಳುವ ಮುಂಚೆ ಪತ್ರ ಬರೆದು, ಅಂತರ, ತಟ್ಟೆಯ ಉದ್ದಗಲ, ಸ್ಯಾಡಲ್‌ನ ಕನಿಷ್ಠ ಗರಿಷ್ಠ ಎತ್ತರ, ಸ್ಕ್ರೂ ತೂತುಗಳ ನಕ್ಷೆ ಎಲ್ಲ ಕೇಳಿ ತರಿಸಿಕೊಂಡೆ. ಒಳ್ಳೆಯ ತಯಾರಕರು ಈ ನಕ್ಷೆ ಕೊಡುತ್ತಾರೆ. ಕೊಡದವರ ಹತ್ತಿರ ಕೊಳ್ಳುವುದು ಬೇಡ ಅಂತ ನನ್ನ ಅಭಿಪ್ರಾಯ.

ಪಾರ್ಸೆಲ್ ಭಾರತಕ್ಕೆ ಬಂದ ಮೇಲೆ ಕಸ್ಟಮ್ಸ್ ಹತ್ತಿರ ನಿಂತಿತು. ಕೊರಿಯರ್‌ನವರು ಕೆವೈಸಿ ಕೇಳಿದರು. ಆಧಾರ್ ಕಳಿಸಿದೆ. ನನ್ನ ಆಧಾರ್‌ನಲ್ಲಿ ಇರುವುದು ಮಂಡ್ಯ ಜಿಲ್ಲೆಯ ಊರಿನ ವಿಳಾಸ. ಪಾರ್ಸೆಲ್ ಮೇಲೆ ಇದ್ದದ್ದು ಮೈಸೂರಿನ ಕುವೆಂಪುನಗರದ ಬಾಡಿಗೆ ಮನೆ. ಎರಡೂ ಹೊಂದುವುದಿಲ್ಲ ಅಂದರು. ಬಾಡಿಗೆ ಕರಾರು ಪತ್ರ ಕೊಟ್ಟ ಮೇಲೆ ಒಪ್ಪಿದರು. ಆಮೇಲೆ ಸಾಮಾನು ಏನು ಅಂತ ಪ್ರಶ್ನೆ ಬಂತು. ಇನ್ವಾಯ್ಸ್‌ನಲ್ಲಿ ಬರೀ "ಲೋಹದ ಬ್ರಿಡ್ಜ್" ಅಂತ ಇತ್ತು. ವಾದ್ಯದ ಬಿಡಿಭಾಗ ಅಂತ ಎಲ್ಲೂ ಇರಲಿಲ್ಲ. ಫೋಟೋ, ದುಡ್ಡು ಕಟ್ಟಿದ ರಸೀದಿ, ಸ್ವಂತ ಬಳಕೆಗೆ ಅಂತ ಒಂದು ಪತ್ರ ಕಳಿಸಬೇಕಾಯಿತು. ವಾದ್ಯಗಳ ಬಿಡಿಭಾಗಗಳು ಸುಂಕದ ಪಟ್ಟಿಯಲ್ಲಿ 9209 ಅನ್ನುವ ಶೀರ್ಷಿಕೆಯಡಿ ಬರುತ್ತವೆ. ಆ ಅಂಕಿಯನ್ನೂ, "ಬೇಸ್ ಗಿಟಾರ್ ಬಿಡಿಭಾಗ" ಅನ್ನುವ ಮಾತನ್ನೂ ಇನ್ವಾಯ್ಸ್‌ನಲ್ಲೇ ಬರೆಯಲು ಮಾರುವವರಿಗೆ ಮೊದಲೇ ಹೇಳಿಬಿಡಿ. ಇದೊಂದು ಮಾಡಿದರೆ ಕಾಯುವುದು ಎಷ್ಟೋ ಕಡಿಮೆ ಆಗುತ್ತದೆ.

ಖರ್ಚು ಹೇಳಿಬಿಡುತ್ತೇನೆ. ಬ್ರಿಡ್ಜ್‌ಗೆ ಸುಮಾರು 8,500 ರೂಪಾಯಿ. ಸಾಗಣೆಗೆ 2,500ರ ಹತ್ತಿರ. ಸುಂಕ, ತೆರಿಗೆ, ಕೊರಿಯರ್‌ನವರ ಶುಲ್ಕ ಎಲ್ಲ ಸೇರಿ ಇನ್ನೊಂದು ಮೂರೂವರೆ ಸಾವಿರ. ಸುಂಕ ಬೀಳುವುದು ಸಾಮಾನಿನ ಬೆಲೆ ಮತ್ತು ಸಾಗಣೆ ಸೇರಿದ ಮೊತ್ತದ ಮೇಲೆ. ಅದರ ಮೇಲೆ ತೆರಿಗೆ. ಅದಕ್ಕೇ ಬಿಲ್ ನಾವು ಅಂದುಕೊಂಡದ್ದಕ್ಕಿಂತ ಮೇಲೆ ಹೋಗುತ್ತದೆ. ಎರಡು ಮೂರು ಜನ ಸೇರಿ ಒಟ್ಟಿಗೆ ತರಿಸಿದರೆ ಸಾಗಣೆ ಹಂಚಿಹೋಗುತ್ತದೆ.

ಆ ಕಾಯುವ ದಿನಗಳು ಬಹಳ ಕಷ್ಟದವು. ಅಂಗಡಿಗೆ ಹೋದಾಗಲೆಲ್ಲ ಹಲಸಿನ ಹಲಗೆ ಗೋಡೆಗೆ ಒರಗಿಕೊಂಡು ಹಾಗೇ ನಿಂತಿರುತ್ತಿತ್ತು. ದಸರಾ ಕಾರ್ಯಕ್ರಮಗಳು ಹತ್ತಿರ ಬರುತ್ತಿದ್ದವು. ಹೊಸ ಬೇಸ್ ಇರುತ್ತದೆ ಅಂತ ತಂಡದವರಿಗೆ ಹೇಳಿಯಾಗಿತ್ತು. "ಕುದುರೆ ಆಮೇಲೆ ಬರಲಿ, ನೆಕ್ ಆದರೂ ಮಾಡಿ" ಅಂತ ಆಚಾರ್ರನ್ನು ಕೇಳಿಕೊಂಡೆ. ಅವರು ಜಗ್ಗಲಿಲ್ಲ. ಆಗ ಸ್ವಲ್ಪ ಬೇಜಾರಾಯಿತು. ಈಗ ಅವರಿಗೆ ಕೈಮುಗಿಯುತ್ತೇನೆ. 18ರ ಲೆಕ್ಕಕ್ಕೆ ನೆಕ್ ಕೊಯ್ದು, ಅಷ್ಟರಲ್ಲಿ 16.5ರ ಬ್ರಿಡ್ಜ್ ಬಿಟ್ಟರೆ ಬೇರೆ ಸಿಗುವುದಿಲ್ಲ ಅಂತ ಆಗಿದ್ದರೆ ಆ ಮರ ದಂಡ ಆಗುತ್ತಿತ್ತು.

ಬ್ರಿಡ್ಜ್ ಬಂದ ದಿನ ಆಚಾರ್ರು ಮೊದಲು ಮಾಡಿದ್ದು ಎತ್ತರದ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ ಇದೇ. 12ನೇ ಫ್ರೆಟ್ ಮೇಲೆ ತಂತಿ ಸರಾಸರಿ 2.2 ಮಿ.ಮೀ. ಎತ್ತರ ಇರಲಿ ಅಂದುಕೊಂಡೆವು. 12ನೇ ಫ್ರೆಟ್ ತಂತಿಯ ನಟ್ಟನಡುವೆ ಇರುತ್ತದೆ. ಹಾಗಾಗಿ ಬ್ರಿಡ್ಜ್ ಹತ್ತಿರ ಅದರ ಎರಡರಷ್ಟು, ಅಂದರೆ 4.4. ನಟ್ ಹತ್ತಿರ ತಂತಿ ಆಗಲೇ ಅರ್ಧ ಮಿಲಿಮೀಟರ್ ಮೇಲಿರುವುದರಿಂದ ಅದನ್ನು ಕಳೆದರೆ 3.9. ಫ್ರೆಟ್‌ನ ಎತ್ತರ 1.1 ಕೂಡಿಸಿದರೆ 5. ಅಂದರೆ ಬ್ರಿಡ್ಜ್ ಹತ್ತಿರ ತಂತಿ ಫಿಂಗರ್‌ಬೋರ್ಡ್‌ನ ಮಟ್ಟಕ್ಕಿಂತ 5 ಮಿ.ಮೀ. ಮೇಲೆ ಬರುತ್ತದೆ. ನನ್ನ ಬ್ರಿಡ್ಜ್‌ನ ಸ್ಯಾಡಲ್ ಬಾಡಿಯಿಂದ 10ರಿಂದ 16 ಮಿ.ಮೀ.ವರೆಗೆ ಏರಿಳಿಯುತ್ತದೆ. ನಡುವಿನದು 13. ಹದಿಮೂರರಲ್ಲಿ ಐದು ಕಳೆದರೆ ಎಂಟು. ಫಿಂಗರ್‌ಬೋರ್ಡ್‌ನ ಮೇಲ್ಮೈ ಬಾಡಿಗಿಂತ 8 ಮಿ.ಮೀ. ಮೇಲೆ ನಿಲ್ಲಬೇಕು. ಬೋರ್ಡ್‌ನ ದಪ್ಪ 6, ಅದರ ಕೆಳಗೆ ನೆಕ್‌ನ ಮೇಪಲ್ 2 ಮಿ.ಮೀ. ಹೊರಗೆ ಕಾಣಬೇಕು. ನೆಕ್ ಕೂರುವ ಗುಳಿಯ ಆಳ ಈ ಲೆಕ್ಕದಿಂದಲೇ ಬಂತು.

ಸ್ಯಾಡಲ್ ನಡು ಎತ್ತರದಲ್ಲಿ ಕೂತರೆ ಮುಂದೆ ಮಳೆಗಾಲದಲ್ಲಿ ನೆಕ್ ಸ್ವಲ್ಪ ಬಾಗಿದರೂ ಏರಿಸಲು ಇಳಿಸಲು ಜಾಗ ಇರುತ್ತದೆ. ಬೋರ್ಡ್ ಕಮಾನಿನ ಹಾಗೆ ಉಬ್ಬಿರುವುದರಿಂದ ಅಂಚಿನ ತಂತಿಗಳು ನಡುವಿನವಕ್ಕಿಂತ ಕೆಳಗೆ ಕೂರಬೇಕು. ಅದಕ್ಕೂ ಜಾಗ ಬೇಕು. ದಪ್ಪ ಬ್ರಿಡ್ಜ್ ತಂದು ಈ ಲೆಕ್ಕ ಮಾಡದೇ ಹೋದರೆ, ಸ್ಯಾಡಲ್ ಪೂರ್ತಿ ಇಳಿಸಿದರೂ ತಂತಿ ಎತ್ತರವಾಗೇ ಉಳಿಯುತ್ತದೆ. ಆಮೇಲೆ ನೆಕ್ ಕೆಳಗೆ ಚಕ್ಕೆ ತುರುಕಬೇಕು, ಇಲ್ಲವೇ ಬ್ರಿಡ್ಜ್ ಕೂರುವಲ್ಲಿ ಬಾಡಿಯನ್ನು ತಗ್ಗು ಮಾಡಬೇಕು.

ಕೂರಿಸುವ ಜಾಗ ಗುರುತು ಮಾಡಲು ಆಚಾರ್ರು ಬಳಸಿದ್ದು ದಾರ. ನೆಕ್ಕನ್ನು ತಾತ್ಕಾಲಿಕವಾಗಿ ಬಿಗಿದು, ಬಿ ಮತ್ತು ಜಿ ತಂತಿಗಳ ಜಾಗದಲ್ಲಿ ನಟ್‌ನಿಂದ ಸ್ಯಾಡಲ್‌ವರೆಗೆ ಎರಡು ದಾರ ಎಳೆದು ಕಟ್ಟಿದರು. ಒಂದು ಕಣ್ಣು ಮುಚ್ಚಿ ನೆಕ್‌ನ ತುದಿಯಿಂದ ನೋಡುತ್ತಾ, ಬ್ರಿಡ್ಜನ್ನು ಕೂದಲೆಳೆಯಷ್ಟು ಎಡಕ್ಕೆ, ಮತ್ತೆ ಬಲಕ್ಕೆ ಸರಿಸಿದರು. ಎರಡೂ ಅಂಚಿನಲ್ಲಿ ಸಮ ಮೂರೂವರೆ ಬರುವವರೆಗೆ ಬಿಡಲಿಲ್ಲ. ಇನ್ನು ಉದ್ದದ ಲೆಕ್ಕ. ಜಿ ತಂತಿಯ ಸ್ಯಾಡಲ್ಲನ್ನು ಹೆಚ್ಚು ಕಡಿಮೆ ಪೂರ್ತಿ ಮುಂದಕ್ಕೆ ತಂದು, ಎರಡು ಮೂರು ಮಿಲಿಮೀಟರ್ ಮಾತ್ರ ಉಳಿಸಿ, ಅದು ನಟ್‌ನಿಂದ 864 ಮಿ.ಮೀ.ಗೆ ಬರುವ ಹಾಗೆ ತಟ್ಟೆ ಇಟ್ಟೆವು. ದಪ್ಪ ತಂತಿಗಳು ಶ್ರುತಿ ಸೇರಲು ಹಿಂದಕ್ಕೇ ಹೋಗುತ್ತವೆ, ಬಿ ತಂತಿ ಎಲ್ಲಕ್ಕಿಂತ ಹಿಂದೆ. ಹಿಂದಕ್ಕೆ ಜಾಗ ಇಲ್ಲದ ಹಾಗೆ ಕೂರಿಸಿದರೆ ಬಿ ತಂತಿ ಯಾವತ್ತೂ ಸರಿಯಾಗುವುದಿಲ್ಲ.

ಬೀಟೆ ಗಟ್ಟಿ ಮರ, ಅವಸರ ಮಾಡಿದರೆ ಸೀಳುತ್ತದೆ. 3 ಮಿ.ಮೀ. ಸ್ಕ್ರೂಗೆ ಮೊದಲು 2.5ರ ಬಿಟ್ಟಿನಲ್ಲಿ ತೂತು ಹಾಕಿ, ಸ್ಕ್ರೂಗೆ ಸೋಪು ಸವರಿ ಕೈಯಲ್ಲೇ ತಿರುಗಿಸಿದರು. ತೂತು ಹಾಕುವ ಮುಂಚೆ ಬ್ರಿಡ್ಜ್ ಕೆಳಗಿನಿಂದ ವಾಲ್ಯೂಮ್ ಟೋನ್ ಗುಂಡಿಗಳ ವೈರ್ ಇರುವ ಕಂಟ್ರೋಲ್ ಗುಳಿಗೆ ಓರೆಯಾಗಿ ಒಂದು ಉದ್ದ ರಂಧ್ರ ಕೊರೆದು ಅರ್ತ್ ವೈರ್ ಎಳೆದಿದ್ದರು. ಅದನ್ನು ಮರೆಯಬೇಡಿ ಅಂತ ನಿಮ್ಮ ಆಚಾರ್ರಿಗೂ ಹೇಳಿ. ವೀಣೆ ಕೆಲಸದವರಿಗೆ ಈ ವೈರಿನ ಅಭ್ಯಾಸ ಇರುವುದಿಲ್ಲ.

ಎಲ್ಲ ಸೇರಿಸಿ, ತಂತಿ ಹಾಕಿ ಆಂಪ್‌ಗೆ ಚುಚ್ಚಿದರೆ ಗುಂಯ್ ಅಂತ ಸದ್ದು. ತಂತಿ ಮುಟ್ಟಿದರೂ ನಿಲ್ಲಲಿಲ್ಲ. ಮುಟ್ಟಿದಾಗ ನಿಲ್ಲಬೇಕು. ಎದೆ ಧಸಕ್ ಅಂದಿತು. ಪಿಕಪ್ ಕೆಟ್ಟಿದೆಯೇ, ಬೆಸುಗೆ ಬಿಟ್ಟಿದೆಯೇ ಅಂತ ಎಲ್ಲ ಬಿಚ್ಚಿ ನೋಡಿದೆವು. ಎಲ್ಲ ಸರಿಯಾಗಿತ್ತು. ಮಲ್ಟಿಮೀಟರಿನ ಒಂದು ಕಡ್ಡಿ ಜ್ಯಾಕ್‌ನ ಅರ್ತ್‌ಗೆ, ಇನ್ನೊಂದು ತಂತಿಗೆ ಇಟ್ಟರೆ ಬೀಪ್ ಇಲ್ಲ. ಕಾರಣ ಬ್ರಿಡ್ಜ್‌ನ ಕಪ್ಪು ಬಣ್ಣ. ಅಲ್ಯೂಮಿನಿಯಂಗೆ ಆನೊಡೈಸ್ ಮಾಡಿದ ಮೇಲ್ಪದರ ವಿದ್ಯುತ್ತನ್ನು ಹಾಯಲು ಬಿಡುವುದಿಲ್ಲ. ತಾಮ್ರದ ಎಳೆಗಳು ತಟ್ಟೆಗೆ ಒತ್ತಿಕೊಂಡೇ ಇದ್ದವು, ಸಂಪರ್ಕ ಮಾತ್ರ ಇರಲಿಲ್ಲ. ತಟ್ಟೆ ಬಿಚ್ಚಿ, ವೈರ್ ಮುಟ್ಟುವ ಜಾಗದಲ್ಲಿ ಎಮರಿ ಪೇಪರ್‌ನಿಂದ ನಾಲ್ಕಾಣೆ ಅಗಲ ಉಜ್ಜಿದೆವು. ಕಪ್ಪು ಹೋಗಿ ಬೆಳ್ಳಗೆ ಲೋಹ ಕಂಡಿತು. ತಂತಿಯ ಗುಂಡು ಕೂರುವ ಸೀಳುಗಳ ಒಳಗೂ ಹಾಗೇ ಸ್ವಲ್ಪ ಉಜ್ಜಿದೆವು. ವೈರಿನ ಎಳೆಗಳನ್ನು ಬೀಸಣಿಗೆಯ ಹಾಗೆ ಹರಡಿ, ಮೇಲೆ ತಟ್ಟೆ ಕೂರಿಸಿ ಬಿಗಿ ಮಾಡಿದ ಮೇಲೆ ಮೀಟರ್ ಬೀಪ್ ಅಂದಿತು. ಗುಂಯ್ ನಿಂತಿತು. ಕಪ್ಪು ಅಲ್ಯೂಮಿನಿಯಂ ಬ್ರಿಡ್ಜ್ ತರಿಸುವವರು ಕೂರಿಸುವ ಮುಂಚೆಯೇ ಇದನ್ನು ಮಾಡಿಕೊಳ್ಳಿ. ಕ್ರೋಮ್ ಬ್ರಿಡ್ಜ್‌ಗಳಿಗೆ ಈ ತೊಂದರೆ ಇಲ್ಲ.

ಶ್ರುತಿ ಹೊಂದಿಸುವುದು ಒಂದು ಸಂಜೆಯ ಕೆಲಸ. 12ನೇ ಫ್ರೆಟ್‌ನಲ್ಲಿ ತಂತಿಯನ್ನು ಒತ್ತದೆ ಬೆರಳು ತಾಗಿಸಿ ಹಾರ್ಮೋನಿಕ್ ನುಡಿಸಿ, ಅಲ್ಲೇ ಒತ್ತಿ ನುಡಿಸಿ, ಟ್ಯೂನರಿನಲ್ಲಿ ಎರಡನ್ನೂ ನೋಡಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಹೊಸ ತಂತಿಯಲ್ಲೇ ಮಾಡಿ, ಹಳೇ ತಂತಿ ಸುಳ್ಳು ಹೇಳುತ್ತದೆ. ನನ್ನ ಬಿ ತಂತಿ ಪೂರ್ತಿ ಹಿಂದಕ್ಕೆ ಹೋಗುವ ಮುಂಚೆಯೇ ಸರಿಯಾಯಿತು. ಖಾಲಿ ಬಿ ತಂತಿ ಮೊದಲ ಸಲ ಮೀಟಿದಾಗ ಅಂಗಡಿಯ ಬೆಂಚಿನ ಮೇಲಿದ್ದ ಮೊಳೆಗಳು ಸಣ್ಣಗೆ ಅದುರಿದವು. ಆಚಾರ್ರು ಬಾಡಿಯ ಮೇಲೆ ಅಂಗೈ ಇಟ್ಟು, "ಹಲಸು ಕೇಳಿಸ್ಕೊಳ್ತಾ ಐತೆ" ಅಂದರು. ಅಷ್ಟು ದಿನದ ಬೇಜಾರು ಅಲ್ಲೇ ಹೋಯಿತು.

ದಸರಾ ಸಮಯದ ಒಂದು ಕಾರ್ಯಕ್ರಮದಲ್ಲಿ ನುಡಿಸಿದೆ. ಕೀಬೋರ್ಡ್‌ನವರ ಎಡಗೈಗೆ ಬಿಡುವು ಸಿಕ್ಕಿತು. ಭುಜ ನೋಯಲಿಲ್ಲ. ಒಂದು ವಾರದ ಮೇಲೆ ಇ ತಂತಿಯ ಸ್ಯಾಡಲ್ ಸ್ಕ್ರೂ ಒಂದು ಸಡಿಲ ಆಗಿ ಜಿರ್ ಅಂತ ಸದ್ದು ಬಂತು. ಹೊಸ ಬ್ರಿಡ್ಜ್‌ನಲ್ಲಿ ಇದು ಆಗುತ್ತದೆ. ಸ್ಕ್ರೂ ಬಿಗಿ ಮಾಡಿ, ಎಳೆಯ ಮೇಲೆ ಒಂದು ಹನಿ ನೇಲ್ ಪಾಲಿಶ್ ಹಾಕಿದೆ. ಆಮೇಲೆ ಅಲ್ಲಾಡಿಲ್ಲ. ಅಮೆರಿಕದ ಬ್ರಿಡ್ಜ್‌ಗಳಿಗೆ ಇಂಚಿನ ಅಲೆನ್ ಕೀ, ಜಪಾನಿನವಕ್ಕೆ ಮಿಲಿಮೀಟರ್ ಕೀ. ಒಂದರ ಬದಲು ಇನ್ನೊಂದು ತುರುಕಿದರೆ ಸ್ಕ್ರೂ ತಲೆ ಸವೆದು ಹೋಗುತ್ತದೆ. ಡಬ್ಬಿಯಲ್ಲಿ ಬಂದ ಕೀ ಜೊತೆಗೆ ಅದೇ ಅಳತೆಯ ಇನ್ನೊಂದು ಕೊಂಡು ಗಿಟಾರ್ ಚೀಲದಲ್ಲಿ ಹಾಕಿಡಿ. ನುಡಿಸಿದ ಮೇಲೆ ಬೆವರು ಒರೆಸಿ, ತಿಂಗಳಿಗೊಮ್ಮೆ ಸ್ಕ್ರೂಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಸಾಕು. ನನ್ನ ಬ್ರಿಡ್ಜ್‌ನ ಅಳತೆಗೆ ಆಚಾರ್ರು ಮಾಡಿದ ಪ್ಲೈವುಡ್ ಮಾದರಿ ಅವರ ಅಂಗಡಿಯಲ್ಲೇ ಇದೆ. 18 ಮಿ.ಮೀ. ಐದು ತಂತಿ ಮಾಡಿಸುವವರು ಅದನ್ನು ಕೇಳಿ ನೋಡಬಹುದು. ಬ್ರಿಡ್ಜ್ ಮಾತ್ರ ನಿಮ್ಮದೇ ತೆಗೆದುಕೊಂಡು ಹೋಗಿ, ಇಲ್ಲದಿದ್ದರೆ ಅವರು ಉಳಿ ಮುಟ್ಟುವುದಿಲ್ಲ.